ಮೂವತ್ತು ಎಣಿಕೆಯ ತೊಕ್ಕು

ನಮ್ಮೂರಿನಲ್ಲಿ ಯಾರು ಬಾಯಿ ತೆರೆದರೂ ಮೊದಲು ಜಾಹೀರಾತೇ ಹೊರಗೆ ಬರುತ್ತದೆ ಎಂದು ಪಕ್ಕದ ಊರಿನವರು ಹೇಳಿಕೊಂಡು ತಿರುಗುತ್ತಾರೆ. ಅದು ಶುದ್ಧ ಸುಳ್ಳು. ಬಸ್ಸು ಹೋಯ್ತಾ, ಚಿಲ್ಲರೆ ಇಲ್ಲ, ಸ್ವಲ್ಪ ಸರಿದು ಕೂತುಕೊಳ್ಳಿ, ಇಂಥ ಮಾತುಗಳಿಗೆಲ್ಲ ಯಾರ ಬಾಯಲ್ಲೂ ಜಾಹೀರಾತು ಬರುವುದಿಲ್ಲ. ಕೇಳುವವರು ಆ ಮಾತಿಗಾಗಿ ಕಾದಿರಬೇಕು. ಕಿವಿ ನಿಮಿರಿಸಿಕೊಂಡು, ಉಸಿರು ಬಿಗಿಹಿಡಿದು ಕಾದಿರಬೇಕು. ಆಗ ಮಾತ್ರ, ಆ ಮಾತಿಗಿಂತ ಮುಂಚೆ, ಆಡುವವರ ಬಾಯಿಂದ ಬೇರೆ ಯಾರದೋ ಅಂಗಡಿಯ ಗುಣಗಾನ ಹೊರಡುತ್ತದೆ. ಹೆರಿಗೆ ಕೋಣೆಯಿಂದ ಹೊರಗೆ ಬಂದ ದಾದಿ, ಬಾಗಿಲಲ್ಲಿ ಕಾದು ನಿಂತ ಗಂಡನಿಗೆ ಮೊದಲು ಸೋಪಿನ ಪುಡಿ ಎಷ್ಟು ನೊರೆ ಕೊಡುತ್ತದೆಂದು ಹೇಳಿ, ಆಮೇಲೆ ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅನ್ನುತ್ತಾಳೆ. ನನ್ನ ಹೆಂಡತಿ ನನ್ನನ್ನು ಮದುವೆಯಾಗುವುದಕ್ಕೆ ಒಪ್ಪಿದ್ದನ್ನು ಹೇಳುವ ಮೊದಲು ಪ್ಲಾಸ್ಟಿಕ್ ಕೊಡಗಳ ಬಗ್ಗೆ ಮಾತಾಡಿದ್ದಳು. ಈಗಲೂ ಸಂತೆಯಲ್ಲಿ ನೀಲಿ ಕೊಡ ಕಂಡರೆ ನನಗೆ ಒಂಥರಾ ಆಗುತ್ತದೆ.

ನಾವು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದೇವೆ. ಹೊಂದಿಕೊಂಡದ್ದಷ್ಟೇ ಅಲ್ಲ, ಒಂದು ಬಗೆಯ ಹೆಮ್ಮೆಯೂ ಇದೆ. ನಾನು ಮಾತು ಶುರುಮಾಡಿದಾಗ ಜಾಹೀರಾತು ಬಂತು ಎಂದರೆ ಎದುರಿಗಿರುವವರಿಗೆ ನನ್ನ ಮಾತು ಬೇಕಾಗಿದೆ ಎಂದರ್ಥ. ನಮ್ಮ ಪುರಸಭೆಯ ಅಧ್ಯಕ್ಷರು ಸ್ವಾತಂತ್ರ್ಯ ದಿನದಂದು ಮುಕ್ಕಾಲು ಗಂಟೆ ಭಾಷಣ ಮಾಡಿದರೂ ಅವರ ಬಾಯಿಂದ ಒಂದು ಹಲ್ಲುಪುಡಿಯ ಜಾಹೀರಾತೂ ಬರುವುದಿಲ್ಲ. ಪಾಪ, ಅದಕ್ಕಾಗಿ ಅವರು ಮನೆಯಲ್ಲಿ ಕೊರಗುತ್ತಾರಂತೆ.

ಈ ಜಾಹೀರಾತುಗಳನ್ನು ಬುಕ್ ಮಾಡಿಕೊಳ್ಳುವುದು ನನ್ನ ಕೆಲಸ. ಬಸ್ ನಿಲ್ದಾಣದ ಪಕ್ಕದ ಬುಕಿಂಗ್ ಕಿಟಕಿಯ ಹಿಂದೆ ಕೂತಿರುತ್ತೇನೆ. ವೆಂಕೋಬ ಎಂದು ನನ್ನ ಹೆಸರು. ಕಿಟಕಿ ವೆಂಕೋಬ ಎಂದರೆ ಬೇಗ ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವುದು ಮೂರು ಬಗೆ. ಮೊದಲನೆಯದು ಕೈ ಜಾಹೀರಾತು. ಮೂವತ್ತು ಎಣಿಸುವಷ್ಟು ಉದ್ದ ಇರುತ್ತದೆ, ಆದರೆ ಐದು ಎಣಿಸುವಷ್ಟು ಹೊತ್ತು ಕಳೆದ ಮೇಲೆ ಕೇಳುವವರು ಅಂಗೈ ಎತ್ತಿ ತೋರಿಸಿದರೆ ಅಲ್ಲಿಗೇ ನಿಂತುಬಿಡುತ್ತದೆ. ಕೊನೆಯವರೆಗೆ ಕೇಳಿದರೆ ಮಾತ್ರ ದುಡ್ಡು ಹಿಡಿಯುತ್ತೇವೆ. ಅರ್ಧಕ್ಕೇ ಕೈ ಎತ್ತಿದರೆ ಕಟ್ಟಿದ ಹಣ ಶನಿವಾರ ವಾಪಸ್. ಎರಡನೆಯದು ಬಿಗಿ ಜಾಹೀರಾತು, ಹದಿನೈದು ಎಣಿಕೆ. ಅಂಗೈ ಎತ್ತಿದರೂ ಅಂಗಾಲು ಎತ್ತಿದರೂ ಅದು ನಿಲ್ಲುವುದಿಲ್ಲ. ಮೂರನೆಯದು ಚಿಟಿಕೆ. ಆರೇ ಎಣಿಕೆ, ಅದೂ ನಿಲ್ಲುವಂಥದ್ದಲ್ಲ. ಬಿಗಿಯನ್ನೂ ಚಿಟಿಕೆಯನ್ನೂ ಸಾವಿರ ಕಿವಿಗೆ ಇಷ್ಟು ಎಂದು ಸಗಟಾಗಿ ಮಾರುತ್ತೇವೆ. ಇಂಥವರ ಕಿವಿಗೇ ಬೀಳಬೇಕು ಎಂದರೆ ಕೈ ಜಾಹೀರಾತೊಂದೇ ದಾರಿ. ಒಂದೇ ಕಿವಿಗೆ ನಾಲ್ಕು ಜನ ಆಸೆಪಟ್ಟರೆ, ಹೆಚ್ಚು ಕೊಟ್ಟವರ ಮಾತು ಮೊದಲು ಹೋಗುತ್ತದೆ. ಇದೆಲ್ಲ ಬೇಡಪ್ಪ, ಇವತ್ತೊಂದು ದಿನ ನನ್ನ ಬಾಯಿ ನನಗೇ ಇರಲಿ ಎನ್ನುವವರು ಮಡಿ ಚೀಟಿ ಕೊಳ್ಳಬಹುದು. ಆ ಚೀಟಿ ಸೊಂಟದಲ್ಲಿದ್ದರೆ ಆ ದಿನ ಅವರ ಬಾಯಲ್ಲಿ ಯಾವ ಜಾಹೀರಾತೂ ಬರುವುದಿಲ್ಲ. ದುಬಾರಿ. ಮದುವೆ ಮನೆಯವರು, ಪುರೋಹಿತರು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಕೊಳ್ಳುತ್ತಾರೆ.

ಅಂಬಕ್ಕನ ಕಥೆ ಶುರುವಾಗುವುದೇ ಕೊಳ್ಳದೆ ಬಿಟ್ಟ ಒಂದು ಮಡಿ ಚೀಟಿಯಿಂದ.

ಅಂಬಕ್ಕನ ಪೂರ್ತಿ ಹೆಸರು ಅಂಬುಜಾಕ್ಷಿ. ಗಡಿಯಾರದ ಬೀದಿಯ ಕೊನೆಯ ಮನೆಯಲ್ಲಿ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಪುಡಿ ಕುಟ್ಟುವುದರಲ್ಲಿ ಪುರುಸೊತ್ತಾಗಲಿಲ್ಲ ಅನ್ನುತ್ತಾಳೆ. ತಂಗಿ ನಳಿನಿ ಹಿಂದಿನ ಬೀದಿಯಲ್ಲೇ ಇದ್ದಾಳೆ. ನಳಿನಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವಳು. ಅವಳ ಮಗಳು ಮೇದಿನಿ ಬೆಳೆದದ್ದೆಲ್ಲ ದೊಡ್ಡಮ್ಮನ ಮನೆಯಲ್ಲಿ, ಒರಳಿನ ಪಕ್ಕ. ಹುಡುಗಿಗೆ ಮೊದಲ ತುತ್ತು ತಿನ್ನಿಸಿದವಳು ಅಂಬಕ್ಕ. ನಮ್ಮೂರಿನಲ್ಲಿ ಮೊದಲ ತುತ್ತು ಕೊಟ್ಟವರೇ ಮದುವೆಯಲ್ಲಿ ಎದ್ದು ನಿಂತು ನಾಲ್ಕು ಜನರ ಮುಂದೆ ಹರಸಬೇಕು. ಅವರ ಬಾಯಿಂದ ಹರಕೆ ಬಂದ ಮೇಲೆಯೇ ತಾಳಿ.

ಅಂಬಕ್ಕನ ಕೈ ಬಿಗಿ. ಅದನ್ನು ನಾನು ಹೇಳಿದರೆ ಚಾಡಿಯಲ್ಲ, ಅವಳೇ ಹೇಳಿಕೊಳ್ಳುತ್ತಾಳೆ. ಮೇದಿನಿಯ ಮದುವೆಗೆ ಮುಂಚೆ ನಳಿನಿ ಅಕ್ಕನ ಕೈಗೆ ದುಡ್ಡು ಕೊಟ್ಟು, ನಿನ್ನದೊಂದು ಮಡಿ ಚೀಟಿ ತಂದಿಟ್ಟುಕೋ ಎಂದಿದ್ದಳು. ಅಂಬಕ್ಕ ನನ್ನ ಕಿಟಕಿಯ ತನಕ ಬಂದಳು, ಬೆಲೆ ಕೇಳಿದಳು, ನನ್ನ ಮುಖವನ್ನು ನಾನೇ ಆ ಬೆಲೆ ಕಂಡುಹಿಡಿದವನು ಎಂಬಂತೆ ನೋಡಿದಳು. ಅಷ್ಟು ಬೆಳಗ್ಗೆ ಮುಹೂರ್ತದಲ್ಲಿ ಯಾವ ಅಂಗಡಿಯವನು ಜಾಹೀರಾತು ಹಾಕುತ್ತಾನೆ, ಎಲ್ಲರೂ ಇನ್ನೂ ಹಲ್ಲುಜ್ಜುತ್ತಿರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ವಾಪಸ್ ಹೋದಳು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮೇದಿನಿಗೆ ಒಂದು ಜೊತೆ ಬೆಳ್ಳಿ ಗೆಜ್ಜೆ ಮಾಡಿಸಿದಳು. ಹುಡುಗಿ ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದ ಗೆಜ್ಜೆ.

ಮದುವೆಯ ದಿನ ಛತ್ರ ತುಂಬಿತ್ತು. ನಾನೂ ಇದ್ದೆ, ಎರಡನೆಯ ಸಾಲಿನಲ್ಲಿ. ಅಂಬಕ್ಕ ಹರಸಲು ಎದ್ದಳು. ಓಲಗ ನಿಂತಿತು. ವಧು ತಲೆಯೆತ್ತಿ ದೊಡ್ಡಮ್ಮನ ಬಾಯನ್ನೇ ನೋಡುತ್ತಿದ್ದಳು. ನಳಿನಿಯಂತೂ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಂಬಕ್ಕ ಬಾಯಿ ತೆರೆದಳು. ಹೊರಗೆ ಬಂದದ್ದು ಒಂದು ಬಿಗಿ ಜಾಹೀರಾತು.

"ಮನೆಯಲ್ಲಿ ಇಲಿಗಳ ಕಾಟವೇ? ರಾತ್ರಿಯಿಡೀ ಕಿಚಿಕಿಚಿ ಸದ್ದೇ? ಇಂದೇ ತನ್ನಿ ಬೆಕ್ಕಿನಕಣ್ಣು ಗುಳಿಗೆ. ಒಂದೇ ಗುಳಿಗೆ, ವಂಶವೇ ನಿರ್ನಾಮ!"

ಆಮೇಲೆ ಅವಳು ಹರಸಿದಳು, ನೂರು ವರ್ಷ ಬಾಳಿ ಎಂದಳು, ಮಕ್ಕಳಾಗಲಿ ಎಂದಳು. ಆದರೆ ಕೇಳುವವರು ಯಾರು? ಹಿಂದಿನ ಸಾಲಿನ ಹುಡುಗರು ನಗು ತಡೆಯಲಾಗದೆ ಶಲ್ಯವನ್ನು ಬಾಯಿಗೆ ತುರುಕಿಕೊಂಡಿದ್ದರು. ಗಂಡಿನ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಳಿನಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಆರು ತಿಂಗಳಲ್ಲಿ ಅಕ್ಕತಂಗಿಯರೇ ಅದನ್ನು ಹೇಳಿಕೊಂಡು ನಗುತ್ತಿದ್ದರು. ಆದರೆ ಮರುವರ್ಷ ಮೇದಿನಿ ಬಸುರಾದಳು, ಮೂರು ತಿಂಗಳಿಗೇ ಬಸಿರು ಇಳಿದುಹೋಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಗಂಜಿಯ ಡಬ್ಬಿ ಹಿಡಿದು ಬಂದ ಅಕ್ಕನನ್ನು ನಳಿನಿ ಒಳಗೆ ಬಿಡಲಿಲ್ಲ. ನಿನ್ನ ಬಾಯಿಂದ ಬಂದದ್ದೇ ಆಯ್ತಲ್ಲ, ಇನ್ನು ನಿನ್ನ ಬಾಯಿ ನನ್ನ ಹೊಸ್ತಿಲು ದಾಟಬಾರದು ಎಂದುಬಿಟ್ಟಳು. ದುಃಖದಲ್ಲಿ ಆಡಿದ ಮಾತು. ಆದರೆ ಅಂಬಕ್ಕ ಅದನ್ನು ನಿಜವೆಂದೇ ನಂಬಿದಳು. ಅವತ್ತಿನಿಂದ ಅವಳು ಬಸುರಿ ಹೆಂಗಸರು ಪುಡಿ ಕೊಳ್ಳಲು ಬಂದರೆ ಮಾತಾಡದೆ ಬೆರಳಲ್ಲೇ ಬೆಲೆ ತೋರಿಸುತ್ತಿದ್ದಳು. ಜಾಹೀರಾತಿನಿಂದ ಯಾರ ಬಸಿರೂ ಇಳಿಯುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಅಂಬಕ್ಕ ನನ್ನ ಕಿಟಕಿಗೆ ಬಂದಳು. ಮೇದಿನಿ ಮತ್ತೆ ಬಸುರಾಗಿ ನಾಲ್ಕು ತಿಂಗಳು ತುಂಬಿತ್ತು, ತಾಯಿಯ ಮನೆಗೆ ಬಂದಿದ್ದಳು. ಸೀಮಂತಕ್ಕೆ ದಿನ ನೋಡುತ್ತಿದ್ದಾರೆಂಬ ಸುದ್ದಿ ಊರಿಗೆಲ್ಲ ತಿಳಿದಿತ್ತು.

"ವೆಂಕೋಬ, ನಳಿನಿ ಕಿವಿಗೆ ಒಂದು ಮಾತು ಹಾಕ್ಬೇಕು ಕಣಪ್ಪ," ಎಂದಳು. "ಸೀಮಂತಕ್ಕೆ ನನ್ನ ಕರೀಬೇಕು ಅವಳು. ಮೇದಿನಿ ಕೈಗೆ ನಾನೂ ನಾಲ್ಕು ಹಸಿರು ಬಳೆ ಏರಿಸ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ನೀವೇ ಹೋಗಿ ಹೇಳಬಾರದೇ ಎಂದು ಕೇಳಿದೆ. ಹೋದರೆ ಬಾಗಿಲು ಹಾಕುತ್ತಾಳೆ ಎಂದಳು. ಬಾಗಿಲು ತೆಗೆದರೆ ಅದಕ್ಕಿಂತ ಭಯ, ಈ ಬಾಯಲ್ಲಿ ಏನು ಬರುತ್ತದೋ ಎಂದಳು. ಬೇರೆಯವರ ಬಾಯಲ್ಲಿ ಹೋದರೆ ತನಗೆ ಧೈರ್ಯ ಎಂದಳು. ಹಾಗಾಗಿ ಕೈ ಜಾಹೀರಾತು, ನಳಿನಿಯೊಬ್ಬಳ ಕಿವಿಗೆ ಮಾತ್ರ. ಆದರೆ ಅದೇ ಹೊತ್ತಿಗೆ ನಳಿನಿಯ ಕಿವಿಗೆ ಊರಿನಲ್ಲಿ ಎಲ್ಲಿಲ್ಲದ ಬೆಲೆ ಬಂದಿತ್ತು. ಸೀಮಂತದ ಮನೆಯ ತಾಯಿಯ ಕಿವಿ ಎಂದರೆ ಸುಮ್ಮನೆಯೇ? ಬಳೆ ಅಂಗಡಿಯವರು, ಸೀರೆ ಅಂಗಡಿಯವರು, ಅಡುಗೆ ಕಂಟ್ರ್ಯಾಕ್ಟರು ಎಲ್ಲರೂ ಮುಗಿಬಿದ್ದಿದ್ದರು. ಅವರೆಲ್ಲರಿಗಿಂತ ಹೆಚ್ಚು ಕೊಡಬೇಕಾಗುತ್ತದೆ ಎಂದೆ. ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು ತುಟಿ ಪಿಟಕ್ಕೆನ್ನದೆ ಸೆರಗಿನ ಗಂಟು ಬಿಚ್ಚಿದಳು. ಆಗಲೇ ನನಗೆ ಅವಳ ಸಂಕಟ ಎಷ್ಟೆಂದು ಗೊತ್ತಾದದ್ದು.

ಮೊದಲನೆಯ ಜಾಹೀರಾತನ್ನು ಅವಳೇ ಹೇಳಿ ಬರೆಸಿದಳು. ಅದು ಮೊದಲು ಸಿಕ್ಕಿದ್ದು ಮುದ್ದುರಂಗಪ್ಪನ ಬಾಯಿಗೆ. ಮುದ್ದುರಂಗಪ್ಪ ನಮ್ಮೂರಿನ ಪೋಲೀಸು, ಮೀಸೆಗೆಂದೇ ತಿಂಗಳಿಗೊಂದು ಡಬ್ಬಿ ಎಣ್ಣೆ ಖರ್ಚು ಮಾಡುವವನು. ನಳಿನಿಯ ಕಳುವಾದ ಸ್ಕೂಟರು ಸಿಕ್ಕಿದೆ ಎಂದು ತಿಳಿಸಲು ಅವಳ ಬಾಗಿಲಿಗೆ ಹೋದ. ಅವಳು ಆಸೆಯಿಂದ ಹೊರಗೆ ಬಂದಳು. ಇವನು ಸೆಲ್ಯೂಟು ಹೊಡೆದು, ನಳಿನೀ, ನಾನು ಕಣೇ, ನಿನ್ನ ಅಕ್ಕ, ಎಂದು ಶುರುಮಾಡಿದ. ಅಂಗೈ ಮೇಲೆದ್ದಿತು. ಅಕ್ಕನ ಮಾತು ಅಲ್ಲಿಗೇ ನಿಂತು ಸ್ಕೂಟರಿನ ಮಾತು ಬಂತು. ಮುದ್ದುರಂಗಪ್ಪ ನನ್ನ ಕಿಟಕಿಗೆ ಬಂದು ಕೂಗಾಡಿದ್ದು ಬೇರೆ. ಹುದ್ದೆಯಲ್ಲಿರುವವನ ಬಾಯಲ್ಲಿ ಇಂಥದ್ದನ್ನು ಹಾಕಬಹುದೇ, ದಾರಿಯಲ್ಲಿ ಹುಡುಗರು ನನ್ನನ್ನು ಅಕ್ಕ ಅನ್ನುತ್ತಿದ್ದಾರೆ ಎಂದ.

ಆ ವಾರವೆಲ್ಲ ಹಾಗೆಯೇ ಆಯಿತು. ಡಾಕ್ಟರ ಬಾಯಲ್ಲಿ, ಪುರೋಹಿತರ ಬಾಯಲ್ಲಿ, ಪಕ್ಕದ ಮನೆಯ ಮುದುಕರ ಬಾಯಲ್ಲಿ ಅಂಬಕ್ಕ ಮಾತಾಡಿದಳು. ಎಲ್ಲೂ ಐದು ಎಣಿಕೆ ದಾಟಲಿಲ್ಲ. ಶನಿವಾರ ಅವಳು ಕಿಟಕಿಗೆ ಬಂದಾಗ ಕಟ್ಟಿದ ಹಣವನ್ನೆಲ್ಲ ಹಾಗೇ ಎಣಿಸಿ ಕೊಟ್ಟೆ. ಬೇರೆ ಅಂಗಡಿಯವರು ಹಣ ವಾಪಸ್ ಸಿಕ್ಕಿದರೆ ಖುಷಿಪಡುತ್ತಾರೆ. ಅಂಬಕ್ಕ ಆ ನೋಟುಗಳನ್ನು ಯಾರೋ ಸತ್ತ ಸುದ್ದಿ ಬಂದ ಹಾಗೆ ಹಿಡಿದುಕೊಂಡು ನಿಂತಿದ್ದಳು.

ಮೊದಲ ಐದು ಎಣಿಕೆಯಲ್ಲಿ ಗಾಳ ಹಾಕಬೇಕು, ಅಂಬಕ್ಕ, ಅದರಲ್ಲೇ ಇರುವುದು ನಮ್ಮ ಕಸುಬು ಎಂದು ನಾನು ದೊಡ್ಡದಾಗಿ ಹೇಳಿ ಎರಡನೆಯದನ್ನು ನಾನೇ ಬರೆದೆ. ಸಿಹಿಸುದ್ದಿ, ಸಿಹಿಸುದ್ದಿ, ಕಳೆದುಹೋದ ಒಂದು ಅಮೂಲ್ಯ ವಸ್ತು ಸಿಕ್ಕಿದೆ, ಅದೇ ನಿಮ್ಮ ಅಕ್ಕ ಎಂದು ರಾಗವಾಗಿ ಶುರುವಾಗುತ್ತಿತ್ತು. ನನಗೆ ಬಹಳ ಹಿಡಿಸಿತ್ತು. ನಳಿನಿ ಅದಕ್ಕೂ ಕೈ ಎತ್ತಿದಳು. ಇದು ಯಾವನೋ ತಲೆಹರಟೆ ಬರೆದದ್ದು, ಅಕ್ಕನಿಗೆ ಇಷ್ಟು ನಾಚಿಕೆಗೆಟ್ಟ ಮಾತು ಬರುವುದಿಲ್ಲ ಎಂದು ಅಂದಳಂತೆ. ನನ್ನ ಕಸುಬಿನ ಜಂಬ ಅಲ್ಲಿಗೆ ಇಳಿಯಿತು.

ಉಳಿದದ್ದು ಚಿಟಿಕೆ. ಆರು ಎಣಿಕೆ, ಕೈ ಎತ್ತಿ ನಿಲ್ಲಿಸುವ ಹಾಗಿಲ್ಲ. ತಪ್ಪಾಯ್ತು ನಳಿನಿ, ಸೀಮಂತಕ್ಕೆ ಕರಿ ಎಂಬಷ್ಟು ಅದರಲ್ಲಿ ಹಿಡಿಸುತ್ತದೆ. ಆದರೆ ಸಗಟು, ಊರಿನ ಸಾವಿರ ಕಿವಿಗೂ ಬೀಳುತ್ತದೆ, ಅದರಲ್ಲಿ ನಳಿನಿಯದೂ ಒಂದು. ಊರೆಲ್ಲ ಕೇಳಿದ ಮೇಲೆ ಕರೆಯದೆ ಹೇಗಿರುತ್ತಾಳೆ, ನಾಲ್ಕು ಜನ ಬಯ್ಯುವುದಿಲ್ಲವೇ ಎಂದೆ. ಅಂಬಕ್ಕ ಬಿಚ್ಚಿದ್ದ ಸೆರಗಿನ ಗಂಟನ್ನು ಮತ್ತೆ ಕಟ್ಟಿಕೊಂಡಳು.

"ಬೇಡ ಕಣಪ್ಪ," ಎಂದಳು. "ಒಂದ್ಸಲ ಛತ್ರದ ತುಂಬ ಜನದ ಮುಂದೆ ಅವಳ ತಲೆ ತಗ್ಗಿಸಿದೀನಿ. ಇನ್ನೊಂದ್ಸಲ ಸಾವಿರ ಜನದ ಕೈಲಿ ಅವಳ ತಲೆ ಬಗ್ಗಿಸಿ ಕರೆಸ್ಕೊಳ್ಲಾ? ಹಾಗೆ ಹೋಗಿ ಬಳೆ ತೊಡಿಸಿದ್ರೆ ಆ ಬಳೆ ಅವಳ ಕೈಲಿ ನಿಲ್ಲುತ್ತಾ?"

ಅವಳು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವಾರ ಬಂದಳು. ಈ ಸಲ ಮುಖವೇ ಬೇರೆ ಇತ್ತು. ಹಾಲಿನ ತಿಮ್ಮಕ್ಕ ಇವಳ ಮನೆಗೂ ನಳಿನಿಯ ಮನೆಗೂ ಹಾಲು ಹಾಕುವವಳು. ಅವಳು ಹೇಳಿದ್ದಳಂತೆ: ಮೇದಿನಿಗೆ ಐದು ತುಂಬಿದರೂ ವಾಂತಿ ನಿಂತಿಲ್ಲ, ನೀರು ಕುಡಿದರೂ ಹೊರಗೆ ಬರುತ್ತದೆ, ಕೆನ್ನೆ ಒಳಗೆ ಹೋಗಿದೆ, ಅನ್ನದ ತಟ್ಟೆ ಕಂಡರೆ ಮುಖ ತಿರುಗಿಸುತ್ತಾಳೆ, ನಳಿನಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಳುತ್ತಾಳೆ. ಅಂಬಕ್ಕ ಸೀಮಂತದ ವಿಷಯ ಎತ್ತಲೇ ಇಲ್ಲ. ಬರ್ಕೋ, ಎಂದಳು. ನಾನು ಎಣಿಸುತ್ತಾ ಬರೆದುಕೊಂಡೆ.

"ಹೊಟ್ಟೇಲಿ ಏನೂ ನಿಲ್ತಿಲ್ವಾ ಹುಡುಗಿಗೆ? ಅಮ್ಮನ ಹುಣಸೆಕಾಯಿ ತೊಕ್ಕು ಮಾಡಿ ಕೊಡು. ಎಳೇ ಕಾಯಿ, ಬೀಜ ಬಲಿತಿರಬಾರದು. ತೊಳೆದು ಒರೆಸಿ ನೆರಳಲ್ಲಿ ಆರಿಸು. ಉಪ್ಪು, ಅರಿಸಿನ ಹಾಕಿ ಒರಳಲ್ಲಿ ಜಜ್ಜಿ ಜಾಡಿಗೆ ತುಂಬು. ಮೂರನೇ ದಿನ ತೆಗೆದು ನಾರೆಲ್ಲ ಬಿಡಿಸಿ, ಹಸಿಮೆಣಸಿನಕಾಯಿ ಹಾಕಿ ಮತ್ತೆ ಕುಟ್ಟು. ಮಿಕ್ಸಿಗೆ ಹಾಕ್ಬೇಡ, ಕಹಿ ಆಗುತ್ತೆ. ಆಮೇಲೆ ಒಗ್ಗರಣೆಗೆ"

ಅಲ್ಲಿಗೆ ಮೂವತ್ತು ಮುಗಿಯಿತು. ಒಗ್ಗರಣೆ ಹಿಡಿಸುವುದಿಲ್ಲ ಅಂಬಕ್ಕ, ಏನಾದರೂ ಕತ್ತರಿಸಬೇಕು ಎಂದೆ. ಏನು ಬಿಡಲಿ, ಉಪ್ಪು ಬಿಡಲೋ, ನಾರು ಬಿಡಲೋ, ನಾರು ಬಿಡಿಸದೆ ಕೊಟ್ಟರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ನನ್ನ ಮೇಲೆಯೇ ಹರಿಹಾಯ್ದಳು. ಮೇದಿನಿ ಈಗಲೂ ಅವಳಿಗೆ ಮಗುವೇ. ಕೊನೆಗೆ, ಅಷ್ಟೇ ಇರಲಿ ಬಿಡು, ಒಗ್ಗರಣೆ ಇಲ್ಲದಿದ್ದರೂ ಬಾಯಿಗೆ ರುಚಿ ಬರುತ್ತದೆ ಎಂದಳು. ಹೆಸರು ಹಾಕುವುದು ಬೇಡವೇ ಎಂದು ಕೇಳಿದೆ. ಹೆಸರು ಬೇಡ, ತಪ್ಪಾಯ್ತು ಅನ್ನುವುದೂ ಬೇಡ, ನನ್ನ ವಿಷಯ ಬಂದರೆ ಕೈ ಎತ್ತುತ್ತಾಳೆ, ಹುಡುಗಿ ಉಪವಾಸ ಇರುತ್ತಾಳೆ ಎಂದಳು. ಈ ಅಕ್ಕತಂಗಿಯರ ಅಮ್ಮ ಆ ತೊಕ್ಕನ್ನು ದೊಡ್ಡ ಮಗಳಿಗೆ ಮಾತ್ರ ಕಲಿಸಿದ್ದಳೆಂದೂ, ಚಿಕ್ಕವಳು ಆಗ ಓದುತ್ತಾ ಕೂತಿರುತ್ತಿದ್ದಳೆಂದೂ ನನಗೆ ಅವತ್ತು ಗೊತ್ತಾಯಿತು.

ಮರುದಿನ ಬೆಳಗ್ಗೆ ತಿಮ್ಮಕ್ಕ ಹಾಲು ಹಾಕುವುದಕ್ಕೆ ಹೋದಳು. ತನ್ನ ಸೊಸೆಗೂ ಹೀಗೇ ವಾಂತಿಯಾಗುತ್ತಿತ್ತು, ಅದಕ್ಕೊಂದು ಮದ್ದು ಇದೆ ಎಂದು ಹೇಳಹೊರಟವಳ ಬಾಯಲ್ಲಿ ಈ ಜಾಹೀರಾತು ಬಂತು. ನಳಿನಿಯ ಅಂಗೈ ರೂಢಿಯ ಪ್ರಕಾರ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದು, ಅಮ್ಮನ ಹುಣಸೆಕಾಯಿ ತೊಕ್ಕು ಎಂಬಲ್ಲಿ ಹಾಗೇ ನಿಂತಿತು. ನಿಂತ ಕೈ ನಿಧಾನವಾಗಿ ಇಳಿಯಿತು. ತಿಮ್ಮಕ್ಕ ಇದನ್ನು ಊರಿಗೆಲ್ಲ ಅಭಿನಯ ಮಾಡಿ ತೋರಿಸಿದ್ದಾಳೆ. ಪಾತ್ರೆಯಿಂದ ಹಾಲು ಚೆಲ್ಲುತ್ತಿದ್ದರೂ ನಳಿನಿಗೆ ಗೊತ್ತಾಗಲಿಲ್ಲವಂತೆ.

ಆಮೇಲಿನ ದಿನಗಳಲ್ಲಿ ನಳಿನಿಯನ್ನು ನಾವೆಲ್ಲ ನೋಡಿದ್ದೇವೆ. ಮನೆಯಿಂದ ಹೆಚ್ಚು ಹೊರಡದ ಹೆಂಗಸು ಬೀದಿಬೀದಿ ತಿರುಗಿದಳು. ಯಾರು ಕಂಡರೂ ನಿಲ್ಲಿಸಿ, ಏನಾದರೂ ಹೇಳಿ, ಏನಾದರೂ ಹೇಳಿ ಅನ್ನುತ್ತಿದ್ದಳು. ಅವಳು ಕಾದಿದ್ದುದು ಆ ಜಾಹೀರಾತಿಗೇ. ಹಾಗಾಗಿ ಬದನೆಕಾಯಿಯ ಬೆಲೆ ಹೇಳಲು ಬಾಯಿ ತೆರೆದವನ ಬಾಯಲ್ಲೂ ತೊಕ್ಕು ಬಂತು. ಎಳೇ ಕಾಯಿ ಎಂದದ್ದು ಹಾಲಿನವಳ ಬಾಯಲ್ಲಿ ಗೊತ್ತಾಯಿತು, ನೆರಳಲ್ಲಿ ಆರಿಸು ಎಂದದ್ದು ಬ್ಯಾಂಕಿನವನ ಬಾಯಲ್ಲಿ ನೆನಪಿಗೆ ಕೂತಿತು, ಮಿಕ್ಸಿ ಬೇಡವೆಂದದ್ದನ್ನು ಖಾತ್ರಿ ಮಾಡಿಕೊಳ್ಳಲು ಮುದ್ದುರಂಗಪ್ಪನನ್ನೇ ಹುಡುಕಿಕೊಂಡು ಠಾಣೆಗೆ ಹೋದಳು. ಅವನು ಈ ಸಲ ಬಹಳ ಗಂಭೀರವಾಗಿ, ನಾರೆಲ್ಲ ಬಿಡಿಸಿ ಎಂದು ಬೆರಳಲ್ಲಿ ತೋರಿಸಿ ಹೇಳಿದನಂತೆ. ಎಲ್ಲರೂ ಒಗ್ಗರಣೆಗೆ ಎಂದು ಬಾಯಿ ತೆರೆದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಮುಂದಿನದು ಯಾರ ಬಾಯಲ್ಲೂ ಇರಲಿಲ್ಲ.

ಪ್ರತಿಸಲವೂ ಕೊನೆಯವರೆಗೆ ಕೇಳಿದ್ದಳು. ಪ್ರತಿಸಲಕ್ಕೂ ದುಡ್ಡು ಹಿಡಿಯಿತು. ಶನಿವಾರ ಬರುವ ಮುಂಚೆಯೇ ಅಂಬಕ್ಕ ಕಟ್ಟಿದ್ದು ಪೂರ್ತಿ ಕರಗಿಹೋಯಿತು. ಈ ಕಿಟಕಿಯ ಹಿಂದೆ ಕೂತು ಇಷ್ಟು ವರ್ಷವಾಯಿತು, ಒಬ್ಬರ ದುಡ್ಡು ಖಾಲಿಯಾದದ್ದಕ್ಕೆ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಸಂಜೆ ಕಿಟಕಿ ಮುಚ್ಚಿ ನೇರವಾಗಿ ಗಡಿಯಾರದ ಬೀದಿಗೆ ಹೋದೆ.

ಅಂಬಕ್ಕ ಪಡಸಾಲೆಯಲ್ಲಿ ಮೊರದ ತುಂಬ ಮೆಂತ್ಯ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಖಾಲಿ ಕೈ ತೋರಿಸಿದೆ.

"ವಾಪಸ್ ಕೊಡೋದಕ್ಕೆ ಏನೂ ಉಳಿದಿಲ್ಲ, ಅಂಬಕ್ಕ. ಒಂದು ಪೈಸೇನೂ ಇಲ್ಲ."

 ಹಾಗಾದರೆ ಎಲ್ಲಾನೂ ಕೇಳಿದಳಾ ಎಂದಳು. ಎಲ್ಲವನ್ನೂ, ಮತ್ತೆ ಮತ್ತೆ ಕೇಳಿದ್ದಾಳೆ ಎಂದೆ. ಅಂಬಕ್ಕ ಮೊರವನ್ನು ಪಕ್ಕಕ್ಕೆ ಸರಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಹುಡುಗಿ ತಿಂದಳಂತಾ, ಅದನ್ನು ಹೇಳು ಎಂದು ಸೆರಗಿನ ಒಳಗಿಂದಲೇ ಕೇಳಿದಳು. ನನಗೆ ಅದು ಗೊತ್ತಿರಲಿಲ್ಲ.

ಆಗ ಹೊರಗೆ ಗೆಜ್ಜೆಯ ಸದ್ದಾಯಿತು. ಮೇದಿನಿ ಮುಂದೆ, ನಳಿನಿ ಹಿಂದೆ. ಹುಡುಗಿ ನಿಜಕ್ಕೂ ಸೊರಗಿಹೋಗಿದ್ದಳು, ಆದರೆ ಬೆರಳು ಚೀಪುತ್ತಾ ಬಂದಳು. ನಳಿನಿಯ ಕೈಯಲ್ಲಿ ಒಂದು ಪಿಂಗಾಣಿ ಜಾಡಿ. ಅವಳು ಹೊಸ್ತಿಲ ಹೊರಗೇ ನಿಂತಳು. ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಅಕ್ಕತಂಗಿಯರು ಏನು ಮಾತಾಡುತ್ತಾರೋ ಎಂದು ನಾನು ಗೋಡೆಗೆ ಒತ್ತಿಕೊಂಡೆ.

"ಅಕ್ಕ, ಒಗ್ಗರಣೆಗೆ ಏನು ಹಾಕ್ಬೇಕು?" ಎಂದಳು ನಳಿನಿ.

ಅಂಬಕ್ಕ ಹೇಳಲು ಬಾಯಿ ತೆರೆದಳು. ತೆರೆದ ಕೂಡಲೇ ಅವಳ ಕಣ್ಣು ದೊಡ್ಡದಾಯಿತು. ನಾಲಗೆಯ ಮೇಲೆ ಏನೋ ಬಂದು ಕೂತದ್ದು ನಮಗೆಲ್ಲ ಕಾಣಿಸಿತು. ಅವಳ ಹತ್ತಿರ ಮಡಿ ಚೀಟಿ ಇರಲಿಲ್ಲ; ಇದ್ದ ದುಡ್ಡೆಲ್ಲ ತೊಕ್ಕಿಗೆ ಹಾಕಿದ್ದಳಲ್ಲವೇ? ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಿಗಿ ಜಾಹೀರಾತು ಕೈ ಮುಚ್ಚಿದರೆ ನಿಲ್ಲುವುದಿಲ್ಲ. ಬೆರಳ ಸಂದಿಯಿಂದ ಹೊರಗೆ ಬಂತು.

"ಮನೆಯಲ್ಲಿ ಇಲಿಗಳ ಕಾಟವೇ? ರಾತ್ರಿಯಿಡೀ ಕಿಚಿಕಿಚಿ ಸದ್ದೇ?"

ಅಂಬಕ್ಕ ಹಿಂದೆ ಸರಿದಳು. ಬಸುರಿ ಹುಡುಗಿಯ ಎದುರಿನಿಂದ ಎಲ್ಲಾದರೂ ಓಡಿಹೋಗುವ ಹಾಗೆ ಅಡುಗೆಮನೆಯ ಕಡೆ ತಿರುಗಿದಳು, ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ಬೆಕ್ಕಿನಕಣ್ಣು ಗುಳಿಗೆಯನ್ನು ಹೊಗಳುತ್ತಿತ್ತು. ನಳಿನಿ ಜಾಡಿಯನ್ನು ನನ್ನ ಕೈಗೆ ತುರುಕಿ, ಹೊಸ್ತಿಲು ದಾಟಿ ಒಳಗೆ ಬಂದು, ಅಕ್ಕನ ಎರಡೂ ಕೈಗಳನ್ನು ಬಾಯಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಕೊನೆಯವರೆಗೆ ಕೇಳಿದಳು.

"ಒಂದೇ ಗುಳಿಗೆ, ವಂಶವೇ ನಿರ್ನಾಮ!"

"ಇಲೀದು ತಾನೇ," ಎಂದಳು ನಳಿನಿ. "ಆಗ್ಲಿ ಬಿಡು."

ಮೊದಲು ನಕ್ಕವಳು ಮೇದಿನಿ. ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ ನಕ್ಕಳು. ನಳಿನಿ ಮಾತ್ರ ನಗಲಿಲ್ಲ. ಅಕ್ಕನ ಕೈ ಬಿಡದೆ ಹೇಳಿದಳು: "ಅವತ್ತು ಛತ್ರದಲ್ಲಿ ನೀನು ಏನು ಹೇಳ್ತೀಯೋ ಅಂತ ನಾನು ಎಷ್ಟು ಕಾದಿದ್ದೆ ಗೊತ್ತಾ? ಅಷ್ಟು ಕಾದಿದ್ದಕ್ಕೇ ಅಲ್ವಾ ಅದು ಬಂದಿದ್ದು. ಇವತ್ತೂ ಅದಕ್ಕೇ ಬಂತು. ನನಗೆ ಇಷ್ಟು ದಿನ ಅದು ಹೊಳೀಲಿಲ್ಲ ನೋಡು."

ಊರಿನ ಮಕ್ಕಳಿಗೂ ಗೊತ್ತಿರುವ ನಿಯಮ ಅದು. ಅಲ್ಲಿದ್ದ ನಾವು ಯಾರೂ ಇಷ್ಟು ವರ್ಷ ಅದನ್ನು ಈ ಇಬ್ಬರಿಗೆ ಹಚ್ಚಿ ನೋಡಿರಲಿಲ್ಲ, ಜಾಹೀರಾತು ಮಾರಿ ಹೊಟ್ಟೆ ಹೊರೆಯುವ ನಾನೂ ನೋಡಿರಲಿಲ್ಲ.

ಅಂಬಕ್ಕ ಮೂಗು ಒರೆಸಿಕೊಂಡು, ಸಾಸಿವೆ, ಇಂಗು, ಹುರಿದು ಪುಡಿ ಮಾಡಿದ ಮೆಂತ್ಯ, ಎಣ್ಣೆ ಧಾರಾಳವಾಗಿ ಇರಬೇಕು ಕಣೇ ಎಂದಳು. ಅಷ್ಟರಲ್ಲೇ ಮೊರದಿಂದ ಒಂದು ಹಿಡಿ ಮೆಂತ್ಯ ತೆಗೆದುಕೊಂಡು ಒಲೆಯ ಕಡೆ ಹೊರಟಿದ್ದಳು. ನೀನೇ ಹಾಕು, ನನ್ನ ಕೈಲಿ ಸೀದುಹೋಗುತ್ತದೆ ಎಂದು ನಳಿನಿ ಹಿಂದೆಯೇ ಹೋದಳು. ಮೇದಿನಿ ನನ್ನ ಕೈಯಲ್ಲಿದ್ದ ಜಾಡಿಗೆ ಬೆರಳು ಹಾಕಿ ಇನ್ನೊಂದಿಷ್ಟು ತೊಕ್ಕು ತೆಗೆದು ಬಾಯಿಗಿಟ್ಟಳು, ಅದು ಹೊಟ್ಟೆಯಲ್ಲಿ ನಿಂತಿತು.

ಒಗ್ಗರಣೆಯ ಘಮ ಮನೆ ತುಂಬುವಾಗ ಒಳಗಿಂದ ಸೀಮಂತದ ಮಾತು ಕೇಳಿಸುತ್ತಿತ್ತು. ನಳಿನಿ ದಿನ ಹೇಳುತ್ತಿದ್ದಳು, ಹಸಿರು ಬಳೆ ನೀನೇ ತರಬೇಕು, ಹರಸುವುದೂ ನೀನೇ ಅನ್ನುತ್ತಿದ್ದಳು. ಕಸುಬಿನ ಚಟ ನೋಡಿ, ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ, ಅವತ್ತಿಗೆ ಅಂಬಕ್ಕನ ಹೆಸರಲ್ಲಿ ಒಂದು ಮಡಿ ಚೀಟಿ ತೆಗೆದಿಡಲೇ, ಬೆಲೆ ಸ್ವಲ್ಪ ಕಡಿಮೆ ಮಾಡಿಸುತ್ತೇನೆ ಎಂದು ಶುರುಮಾಡಿದೆ. ನಳಿನಿ ತಿರುಗಿಯೂ ನೋಡದೆ ನನ್ನ ಕಡೆಗೆ ಅಂಗೈ ಎತ್ತಿದಳು.